ಗಡಿನಾಡಿನ ಶಾಲಾ ಕ್ರೀಡೆ ಮತ್ತು ಹೊರಗಿನ ವಿದ್ಯಾರ್ಥಿ

ಹುಟ್ಟಿ ಬೆಳೆದದ್ದು ಒಂದು ರಾಜ್ಯ ಅಥವಾ ದೇಶ, ಓದುತ್ತಿರುವುದು ಇನ್ನೊಂದು ಕಡೆ. ಇಂಥ ವಿದ್ಯಾರ್ಥಿ ತಾನು ಸೇರಿದ ಶಾಲೆಯ ತಂಡದಲ್ಲಿ ಆಡಬೇಕಾದರೆ ಏನೇನು ದಾಟಬೇಕು ಎಂಬುದು ಈ ಲೇಖನದ ವಿಷಯ. ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳು ಇದಕ್ಕೆ ಮುಖ್ಯ ನೆಲೆ. ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಯಗಾಂವದಂಥ ಊರಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆ ಪಕ್ಕದ ಮನೆಯಷ್ಟೇ ಹತ್ತಿರ. ಹೆಣ್ಣು ಕೊಟ್ಟು ತರುವುದು, ಸಂತೆ, ಜಾತ್ರೆ, ಆಸ್ಪತ್ರೆ ಎಲ್ಲವೂ ಗಡಿಯ ಎರಡೂ ಬದಿಗೆ ಹಂಚಿಕೊಂಡಿವೆ. ಹೀಗಾಗಿ ಇಲ್ಲಿ 'ಹೊರಗಿನ ವಿದ್ಯಾರ್ಥಿ' ಎಂದರೆ ವಿಮಾನದಿಂದ ಇಳಿದವನಲ್ಲ. ಲಾತೂರ್ ಜಿಲ್ಲೆಯ ಉದಗೀರದ ಕಡೆಯಿಂದ ಸೋದರಮಾವನ ಮನೆಗೆ ಓದಲು ಬಂದ ಹುಡುಗ, ಪುಣೆಯಲ್ಲಿ ಕಟ್ಟಡದ ಕೆಲಸ ಮುಗಿಸಿ ಊರಿಗೆ ಮರಳಿದ ಕುಟುಂಬದ ಹುಡುಗಿ, ವಾಯುಪಡೆಯ ನೌಕರನ ಮಗ, ಇಂಥವರೇ ಹೆಚ್ಚು.

ಈ ಮಕ್ಕಳ ಪರಿಸ್ಥಿತಿಯಲ್ಲಿ ಒಂದು ವಿಶೇಷವಿದೆ. ಆಟ ಅವರಿಗೆ ಮೊದಲೇ ಗೊತ್ತು, ಕಾಗದಪತ್ರವೇ ಹೊಸದು. ದೂರದ ಐರ್ಲೆಂಡಿನ ಶಾಲೆಗೆ ಹೋಗಿ ಸೇರುವ ಕನ್ನಡದ ಮಕ್ಕಳಿಗೆ ಇದು ತಿರುವುಮುರುವು. ಅದರ ವಿವರ ಮುಂದೆ ಬರುತ್ತದೆ.

ಗಡಿ ಮೂಡಿದ್ದು ಹೇಗೆ

ಹೈದರಾಬಾದ್ ಸಂಸ್ಥಾನದ ಹಳೆಯ ಬೀದರ್ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದಿತ್ತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್, ಭಾಲ್ಕಿ, ಹುಮನಾಬಾದ್ ಮತ್ತು ಔರಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ಅಹ್ಮದಪುರ, ನಿಲಂಗಾ ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. 1982ರಲ್ಲಿ ಲಾತೂರ್ ಜಿಲ್ಲೆ ರಚನೆಯಾದಾಗ ಉದಗೀರ, ನಿಲಂಗಾ, ಅಹ್ಮದಪುರ ಅದರೊಳಗೆ ಸೇರಿದವು. ಒಂದೇ ಜಿಲ್ಲೆಯ ಮಕ್ಕಳು ಮೂರು ರಾಜ್ಯಗಳ ಮೂರು ಪಠ್ಯಕ್ರಮಗಳಿಗೆ ಹಂಚಿಹೋದದ್ದು ಹೀಗೆ.

ಭಾಷೆಯ ಚಿತ್ರವೂ ಇದಕ್ಕೆ ತಕ್ಕಂತಿದೆ. ಭಾಲ್ಕಿ, ಔರಾದ್, ಬಸವಕಲ್ಯಾಣಗಳಲ್ಲಿ ಕನ್ನಡದ ಜೊತೆಗೆ ಮರಾಠಿ ಮತ್ತು ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ನಿಜಾಮರ ಕಾಲದಲ್ಲಿ ಇಲ್ಲಿ ಕನ್ನಡ ಶಾಲೆ ನಡೆಸುವುದೇ ಸಾಹಸವಾಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಶಾಲೆಯ ಮಾಧ್ಯಮ ಯಾವುದು ಎನ್ನುವ ಪ್ರಶ್ನೆಗೆ ಇಲ್ಲಿ ಇಷ್ಟು ಹಳೆಯ ಬೇರಿದೆ. ಆದರೆ ಹೋಬಳಿ ಕ್ರೀಡಾಕೂಟದ ಅಂಕಣದಲ್ಲಿ ಮೂರೂ ಮಾಧ್ಯಮದ ಶಾಲೆಗಳು ಎದುರುಬದುರು ನಿಲ್ಲುತ್ತವೆ. ಮಾಧ್ಯಮಗಳ ಗೋಡೆ ಇಲ್ಲದೆ ಈ ಮಕ್ಕಳೆಲ್ಲ ಒಟ್ಟು ಸೇರುವ ಸರ್ಕಾರಿ ಸಂದರ್ಭಗಳು ಹೆಚ್ಚಿಲ್ಲ, ಇದು ಅಂಥದೊಂದು.

ಕೂಟದ ಮೆಟ್ಟಿಲುಗಳು

ಕರ್ನಾಟಕದಲ್ಲಿ ಶಾಲಾ ಕ್ರೀಡಾಕೂಟ ನಡೆಸುವುದು ಶಾಲಾ ಶಿಕ್ಷಣ ಇಲಾಖೆ. ವಲಯ ಅಥವಾ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಏರಬೇಕು. ಸಾಯಗಾಂವ ಹೋಬಳಿಯಲ್ಲಿ ಗೆದ್ದ ಕೊಕ್ಕೊ ತಂಡ ಭಾಲ್ಕಿಗೆ, ಅಲ್ಲಿ ಗೆದ್ದರೆ ಬೀದರಿನ ಜಿಲ್ಲಾ ಕೂಟಕ್ಕೆ, ಅನಂತರ ಕಲಬುರಗಿ ವಿಭಾಗ ಮಟ್ಟಕ್ಕೆ. ಈ ವಿಭಾಗದಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಎಂಬ 7 ಜಿಲ್ಲೆಗಳಿವೆ. ವಿಭಾಗ ಕೂಟ ಬಳ್ಳಾರಿಯಲ್ಲಿ ನಡೆದರೆ ಭಾಲ್ಕಿಯ ಮಕ್ಕಳಿಗೆ ಅದು ಇಡೀ ಕಲ್ಯಾಣ ಕರ್ನಾಟಕವನ್ನು ಉದ್ದಕ್ಕೂ ದಾಟುವ ಪಯಣ.

ರಾಜ್ಯದಾಚೆಗಿನ ಮೆಟ್ಟಿಲು 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. 14, 17 ಮತ್ತು 19 ವರ್ಷದೊಳಗಿನವರು ಎಂಬ ಮೂರು ವಯೋಗುಂಪುಗಳಿಗೆ ಆಯಾ ವರ್ಷದ ಡಿಸೆಂಬರ್ 31 ಗಡುವು. ಈ ಒಕ್ಕೂಟದಲ್ಲಿ ರಾಜ್ಯಗಳಷ್ಟೇ ಇಲ್ಲ. ಕೇಂದ್ರೀಯ ವಿದ್ಯಾಲಯ ಸಂಘಟನೆ, ನವೋದಯ ವಿದ್ಯಾಲಯ ಸಮಿತಿ, ವಿದ್ಯಾಭಾರತಿ ಮುಂತಾದವೂ ತಮ್ಮದೇ ತಂಡ ಕಳಿಸುವ ಪ್ರತ್ಯೇಕ ಘಟಕಗಳು. ಬೀದರಿನ ಕೇಂದ್ರೀಯ ವಿದ್ಯಾಲಯದ ಹುಡುಗನೊಬ್ಬ ಭಾಲ್ಕಿಯ ಹುಡುಗನನ್ನು ಜಿಲ್ಲೆಯಲ್ಲಿ ಒಮ್ಮೆಯೂ ಎದುರಿಸದೆ ರಾಷ್ಟ್ರೀಯ ಕೂಟದಲ್ಲಿ ಬೇರೆ ಬಣ್ಣದ ಬನಿಯನ್ ತೊಟ್ಟು ಎದುರಿಸಲು ಸಾಧ್ಯವಾಗುವುದು ಇದರಿಂದಲೇ.

ಗಡಿಯಾಚೆ ವ್ಯವಸ್ಥೆ ಬೇರೆ. ಮಹಾರಾಷ್ಟ್ರದಲ್ಲಿ ಶಾಲಾ ಸ್ಪರ್ಧೆಗಳ ಹೊಣೆ ಕ್ರೀಡಾ ಮತ್ತು ಯುವಜನ ಸೇವಾ ಸಂಚಾಲನಾಲಯದ್ದು, ಜಿಲ್ಲಾ ಕ್ರೀಡಾಧಿಕಾರಿಯ ಕಚೇರಿ ಅದನ್ನು ನೋಡಿಕೊಳ್ಳುತ್ತದೆ. ನಮ್ಮಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ, ತಾಲ್ಲೂಕು ದೈಹಿಕ ಶಿಕ್ಷಣಾಧಿಕಾರಿ, ಕೊನೆಗೆ ಆಯಾ ಶಾಲೆಯ ಪಿ.ಟಿ. ಮಾಸ್ತರು. ಉದಗೀರದಲ್ಲಿ ಕ್ರೀಡಾ ಕಚೇರಿಯ ದಾರಿ ತಿಳಿದಿದ್ದ ತಂದೆ ಭಾಲ್ಕಿಗೆ ಬಂದ ಮೇಲೆ ಯಾವ ಬಾಗಿಲು ತಟ್ಟಬೇಕೆಂದು ತಿಳಿಯದೆ ಕ್ರೀಡಾ ಇಲಾಖೆಗೆ ಹೋಗಿ, ಅಲ್ಲಿಂದ ಶಿಕ್ಷಣ ಇಲಾಖೆಗೆ ಅಲೆಯುವುದು ಸಹಜ. ಕರ್ನಾಟಕದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಯಲ್ಲಿರುವುದು ಕ್ರೀಡಾಂಗಣ, ಕ್ರೀಡಾ ವಸತಿನಿಲಯ ಮತ್ತು ತರಬೇತುದಾರರು. ಶಾಲಾ ಕೂಟದ ಪಟ್ಟಿ ಅಲ್ಲ.

ಕಾಗದದ ಓಟ

ಮಗುವನ್ನು ಶಾಲೆಗೆ ಸೇರಿಸುವುದು ಈಗ ಸುಲಭ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಒಂದು ಶಾಲೆಯಿಂದ ಇನ್ನೊಂದಕ್ಕೆ, ರಾಜ್ಯದ ಹೊರಗಿನಿಂದಲೂ, ವರ್ಗವಾಗುವ ಹಕ್ಕು ಕೊಟ್ಟಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ. 8ನೇ ತರಗತಿಯವರೆಗೆ ಈ ರಕ್ಷಣೆ ಇದೆ. ತರಗತಿಯಲ್ಲಿ ಕೂರಲು ಇಷ್ಟು ಸಾಕು, ಅಂಕಣಕ್ಕೆ ಇಳಿಯಲು ಸಾಲದು.

ಕೂಟಕ್ಕೆ ಹೋಗುವ ಪ್ರತಿ ಮಗುವಿಗೂ ಅರ್ಹತಾ ಪತ್ರ ಬೇಕು. ಅದರಲ್ಲಿ ಭಾವಚಿತ್ರ, ಹುಟ್ಟಿದ ದಿನಾಂಕ, ದಾಖಲಾತಿ ಸಂಖ್ಯೆ, ತರಗತಿ, ತಂದೆತಾಯಿಯ ಹೆಸರು ಇರುತ್ತವೆ, ಮುಖ್ಯ ಗುರುಗಳ ಸಹಿ ಮತ್ತು ಮೊಹರು ಬೀಳುತ್ತದೆ. ಕರ್ನಾಟಕದ ಶಾಲೆಗಳಲ್ಲಿ ವಿದ್ಯಾರ್ಥಿಯ ಗುರುತು ಸ್ಯಾಟ್ಸ್ ಸಂಖ್ಯೆ. ಇಲ್ಲೇ 1ನೇ ತರಗತಿಗೆ ಸೇರಿದ ಮಗುವಿಗೆ ಅದು ಆಗಲೇ ಸಿಕ್ಕಿರುತ್ತದೆ. ಮಹಾರಾಷ್ಟ್ರದಿಂದ ಬಂದ ಮಗುವಿನ ವಿವರ ಅಲ್ಲಿನ ಸರಳ್ ಜಾಲದಲ್ಲಿ ಇರುತ್ತದೆ, ಇಲ್ಲಿ ಹೊಸದಾಗಿ ತುಂಬಬೇಕು. ಅಲ್ಲಿಂದ ಬರುವ 'ಶಾಳಾ ಸೋಡಲ್ಯಾಚಾ ದಾಖಲಾ', ಅಂದರೆ ಶಾಲೆ ಬಿಟ್ಟ ಪತ್ರ, ಮರಾಠಿಯಲ್ಲಿರುತ್ತದೆ. ಹೊರರಾಜ್ಯದ ಪತ್ರವಾದ್ದರಿಂದ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಆ ಸಹಿಗಾಗಿ ಅಪ್ಪ ಒಂದು ದಿನದ ಕೂಲಿ ಬಿಟ್ಟು ಲಾತೂರಿಗೋ ಉದಗೀರಕ್ಕೋ ಹೋಗಿ ಬರಬೇಕು.

ನಿಜವಾದ ತೊಡಕು ಹೆಸರಿನದು. ಮಹಾರಾಷ್ಟ್ರದ ದಾಖಲೆಗಳಲ್ಲಿ ಅಡ್ಡಹೆಸರು, ಮಗುವಿನ ಹೆಸರು, ತಂದೆಯ ಹೆಸರು ಎಂಬ ಕ್ರಮ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಮಗುವಿನ ಹೆಸರು ಮೊದಲು, ತಂದೆಯ ಹೆಸರು ಅನಂತರ, ಅಡ್ಡಹೆಸರು ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಆಧಾರ್ ಕಾರ್ಡಿನಲ್ಲಿ ಮೂರನೆಯದೊಂದು ಕಾಗುಣಿತ. ದೇವನಾಗರಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗುವಷ್ಟರಲ್ಲಿ ಜಾಧವನಿಗೆ ಒಂದು ಮಹಾಪ್ರಾಣ ಹೆಚ್ಚೋ ಕಡಿಮೆಯೋ ಆಗಿರುತ್ತದೆ. ಪಾಠದ ಕೋಣೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಕೂಟದ ಬೆಳಗ್ಗೆ ಪರಿಶೀಲನೆಯ ಮೇಜಿನ ಮುಂದೆ ಮಾತ್ರ ಮೂರು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಎದುರಾಳಿ ತಂಡದ ಮಾಸ್ತರು ಹಿಂದೆ ನಿಂತು ಇಣುಕುತ್ತಿರುತ್ತಾರೆ. 'ಈ ಹುಡುಗ ನಿಮ್ಮ ಶಾಲೆಯವನೇನ್ರಿ?' ಎಂಬ ಪ್ರಶ್ನೆ ಬಂದಾಗ ಪಿ.ಟಿ. ಮಾಸ್ತರ ಬಗಲಲ್ಲಿರುವ ಫೈಲೇ ಆಧಾರ. ಅದರಲ್ಲಿ ದಾಖಲಾತಿ ರಿಜಿಸ್ಟರಿನ ನಕಲು ಇಟ್ಟುಕೊಂಡ ಅನುಭವಿಗಳು ತಕರಾರಿಗೆ ಹೆದರುವುದಿಲ್ಲ.

ಇಷ್ಟು ಬಿಗಿ ಯಾಕೆ ಎಂದರೆ, ಅನುಮಾನಕ್ಕೆ ಕಾರಣವೂ ಇದೆ. ಶಾಲಾ ಕ್ರೀಡೆಯ ಹಳೆಯ ಪಿಡುಗು ವಯಸ್ಸು ಕದಿಯುವುದು. ಎತ್ತರದ, ಮೀಸೆ ಚಿಗುರಿದ ಹುಡುಗನನ್ನು ಬೇರೆ ಕಡೆಯಿಂದ ತಂದು ಆಟಕ್ಕೆಂದೇ ದಾಖಲು ಮಾಡಿಕೊಳ್ಳುವ ಚಾಳಿ ದೇಶದ ಎಲ್ಲ ಕಡೆಯೂ ಇತ್ತು. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲಿ ವಯೋವಂಚನೆ ವಿರುದ್ಧ ರಾಷ್ಟ್ರೀಯ ಸಂಹಿತೆ ತಂದು, ಸಂಶಯ ಬಂದರೆ ಮೂಳೆಯ ಎಕ್ಸ್‌ರೇ ಸೇರಿದಂತೆ ವೈದ್ಯಕೀಯ ಪರೀಕ್ಷೆಗೆ ದಾರಿ ಮಾಡಿತು. ಹೋಬಳಿ ಮಟ್ಟದಲ್ಲಿ ಎಕ್ಸ್‌ರೇ ಇಲ್ಲ, ಕಾಗದವೇ ಮೂಳೆ. ಕಳ್ಳನನ್ನು ಹಿಡಿಯಲು ಹೆಣೆದ ಬಲೆಯಲ್ಲಿ ಮೇಲುಸಹಿ ತರಲಾರದ ಕೂಲಿಕಾರನ ಮಗನೇ ಹೆಚ್ಚು ಸಿಕ್ಕಿಬೀಳುತ್ತಾನೆ ಎನ್ನುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಆಟಕ್ಕೆಂದೇ ಹುಡುಗರನ್ನು ತರಿಸುವವರ ಕಾಗದ ಯಾವಾಗಲೂ ಅಚ್ಚುಕಟ್ಟಾಗಿಯೇ ಇರುತ್ತದೆ.

ಇನ್ನೊಂದು ಕಾರಣ ಪ್ರಮಾಣಪತ್ರದ ಬೆಲೆ. ಕರ್ನಾಟಕದಲ್ಲಿ ವೃತ್ತಿಶಿಕ್ಷಣ ಸೀಟುಗಳಿಗೆ ಕ್ರೀಡಾ ಕೋಟಾ ಇದೆ. ಮಹಾರಾಷ್ಟ್ರದಲ್ಲಿ 10 ಮತ್ತು 12ನೇ ತರಗತಿಯ ಪರೀಕ್ಷೆಯಲ್ಲಿ ಕ್ರೀಡಾ ಸಾಧಕರಿಗೆ ಹೆಚ್ಚುವರಿ ಅಂಕ ಕೊಡುವ ಪದ್ಧತಿ ಇದೆ. ಗಡಿ ದಾಟಿ ಬಂದ ಮಗು ಅಲ್ಲಿನ ಅಂಕ ಕಳೆದುಕೊಂಡು ಇಲ್ಲಿನ ಕೋಟಾದ ಸಾಲಿಗೆ ನಿಲ್ಲುತ್ತದೆ. ಅದರ ಮೇಲೆ ಸಂವಿಧಾನದ 371ಜೆ ವಿಧಿಯಡಿಯ ಸ್ಥಳೀಯ ಮೀಸಲಾತಿಗೆ ವಾಸದ ಅವಧಿಯ ಷರತ್ತು ಬೇರೆ.

ಜಾತ್ರೆಯ ಕುಸ್ತಿಯನ್ನು ಈ ಕಾಗದದ ಓಟದ ಪಕ್ಕದಲ್ಲಿಟ್ಟು ನೋಡಬೇಕು. ಬೀದರ್ ಜಿಲ್ಲೆಯ ಊರುಗಳ ಜಾತ್ರೆಗೆ ಲಾತೂರ್, ಸೊಲ್ಲಾಪುರದ ಕಡೆಯ ಪೈಲ್ವಾನರು ಬಂದು ಸೆಣಸುವುದು ಹಳೆಯ ರೂಢಿ. ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಯಲ್ಲಿ ಮುಗಿಯುತ್ತದೆ. ಅಲ್ಲಿ ಯಾರೂ ಟಿ.ಸಿ. ಕೇಳುವುದಿಲ್ಲ. ಇಬ್ಬರ ಕೈ ಹಿಡಿದು ಜೋಡಿ ಸರಿಯಿದೆಯೇ ಎಂದು ಹಿರಿಯರು ಕಣ್ಣಳತೆಯಲ್ಲಿ ನೋಡುತ್ತಾರೆ, ಅಷ್ಟೆ.

ಮೈದಾನ

ಬೀದರ್ ನಗರ ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲಿದೆ. ನೆಹರೂ ಕ್ರೀಡಾಂಗಣ ಇರುವುದು ಆ ನೆಲದಲ್ಲಿ. ಭಾಲ್ಕಿ, ಔರಾದ್ ಮತ್ತು ಮಾಂಜ್ರಾ ನದಿಯ ಬಯಲಿನ ಹಳ್ಳಿಗಳದ್ದು ಹೆಚ್ಚಾಗಿ ಎರೆ ಭೂಮಿ. ಶಾಲಾ ಕೂಟಗಳು ಶುರುವಾಗುವುದು ಮಳೆಗಾಲದಲ್ಲಿ. ಬೆಳಗ್ಗೆ ಸುಣ್ಣದ ಪುಡಿಯಲ್ಲಿ ಎಳೆದ ಕಬಡ್ಡಿ ಅಂಕಣದ ಗೆರೆ ಒಂದು ಸಣ್ಣ ಮಳೆಗೆ ಕರಗಿ ಬೆಳ್ಳಗೆ ಹರಿಯುತ್ತದೆ. ಎರೆಮಣ್ಣು ಬರಿಗಾಲಿಗೆ ಅಂಟಿ ಪ್ರತಿ ಹೆಜ್ಜೆಗೂ ಕಾಲು ಭಾರವಾಗುತ್ತದೆ. ಮತ್ತೆ ಬಿಸಿಲು ಬಿದ್ದರೆ ಅದೇ ಮಣ್ಣು ಬಿರುಕು ಬಿಟ್ಟು ಕಾಲ್ಬೆರಳು ಸಿಗುವಷ್ಟು ಬಾಯಿ ತೆರೆಯುತ್ತದೆ. ಊರ ಮಕ್ಕಳಿಗೆ ಎಲ್ಲಿ ನೆಲ ಗಟ್ಟಿ, ಎಲ್ಲಿ ಜಾರು ಎಂಬುದು ಗೊತ್ತು. ನಗರದ ಸಿಮೆಂಟು ಅಂಗಳದಲ್ಲಿ ಆಡಿ ಬಂದ ಮಗು ಇಲ್ಲಿ ಮೊದಲ ವಾರ ಎಡವುತ್ತದೆ. ಉದಗೀರದಿಂದ ಬಂದದ್ದು ಎಡವುವುದಿಲ್ಲ, ಅಲ್ಲಿನ ಮಣ್ಣೂ ಇದೇ.

ಆಟಗಳ ವಿಷಯದಲ್ಲೂ ಹಾಗೆಯೇ. ಕೊಕ್ಕೊ ಮತ್ತು ಕಬಡ್ಡಿಯ ಆಧುನಿಕ ನಿಯಮಗಳು ರೂಪುಗೊಂಡದ್ದು 20ನೇ ಶತಮಾನದ ಮೊದಲ ದಶಕಗಳ ಮಹಾರಾಷ್ಟ್ರದಲ್ಲಿ, ಮುಖ್ಯವಾಗಿ ಪುಣೆ ಮತ್ತು ಸಾತಾರಾ ಕಡೆ. ಹೀಗಾಗಿ ಮರಾಠಿ ಸೀಮೆಯ ಮಗು ಈ ಎರಡು ಆಟಗಳಲ್ಲಿ ಬರಿಗೈಯಲ್ಲಿ ಬರುವುದಿಲ್ಲ. ಕೊಕ್ಕೊದಲ್ಲಿ 8 ಜನ ಒಬ್ಬರು ಅತ್ತ, ಒಬ್ಬರು ಇತ್ತ ಮುಖ ಮಾಡಿ ಸಾಲಾಗಿ ಕೂರುತ್ತಾರೆ, 9ನೆಯವರು ಅಟ್ಟುತ್ತಾರೆ. ಹಿಂದಿನಿಂದ ಬೆನ್ನು ತಟ್ಟಿ 'ಖೋ' ಎಂದೊಡನೆ ಎದ್ದು ಓಡಬೇಕು. ಇದಕ್ಕೆ ಬೇಕಾದ ಮಾತು ಅದೊಂದೇ ಅಕ್ಷರ. ಡ್ರಿಲ್ಲಿನ ಆಜ್ಞೆಗಳು 'ಸಾವಧಾನ್, ವಿಶ್ರಾಮ್' ಗಡಿಯ ಎರಡೂ ಬದಿಗೆ ಒಂದೇ. ಕನ್ನಡ ಓದಲು ಬಾರದ ಹೊಸ ಹುಡುಗ ಇತಿಹಾಸದ ಪಾಠದಲ್ಲಿ ಬಾಯಿ ಬಿಡದೆ ಕೂತರೂ ಸಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿರುಗುತ್ತಾನೆ. ತಂಡದ ಆಯ್ಕೆ ಜೂನ್–ಜುಲೈನಲ್ಲಿ ಆಗುವುದರಿಂದ, ಆ ಹೊತ್ತಿಗೆ ಬಂದು ಸೇರಿದ ಮಗು ಒಳಗೆ, ಆಗಸ್ಟ್ ಬಳಿಕ ಬಂದದ್ದು ಮುಂದಿನ ವರ್ಷಕ್ಕೆ.

ಕೊಕ್ಕೊ ಹಳ್ಳಿ ಹುಡುಗಿಯನ್ನು ಎಷ್ಟು ದೂರ ಒಯ್ಯಬಹುದು ಎಂಬುದಕ್ಕೆ ಕರ್ನಾಟಕದಲ್ಲಿ ಈಚಿನ ಉದಾಹರಣೆ ಇದೆ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ಪಿನಲ್ಲಿ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು, ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು.

ಹೆಣ್ಣುಮಕ್ಕಳು ಮತ್ತು ಬಸ್ಸು

ಹುಡುಗಿಯರ ಆಟ ನಿಲ್ಲುವುದು ಹೆಚ್ಚಾಗಿ ಅಂಕಣದ ಹೊರಗೆ. ಹೋಬಳಿ ಊರಿನ ಪ್ರೌಢಶಾಲೆಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಸಂಜೆ ಅಭ್ಯಾಸಕ್ಕೆ ನಿಂತರೆ ಕೊನೆಯ ಬಸ್ಸು ತಪ್ಪುತ್ತದೆ. 2006ರಿಂದ 8ನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳಿಂದ ಈ ಕಷ್ಟ ಸ್ವಲ್ಪ ಇಳಿದಿತ್ತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಭಾಲ್ಕಿಗೆ, ಬೀದರಿಗೆ ಪಂದ್ಯಕ್ಕೆ ಹೋಗುವ ಹುಡುಗಿಗೆ ಟಿಕೆಟ್ ಖರ್ಚಿಲ್ಲ. ಆದರೆ ಈ ಸೌಲಭ್ಯ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಗೆ ಕಟ್ಟಿದೆ. ಆಧಾರಿನಲ್ಲಿ ಇನ್ನೂ ಲಾತೂರ್ ಜಿಲ್ಲೆಯ ದೇವಣಿಯದೋ ನಿಲಂಗಾದ್ದೋ ವಿಳಾಸವಿದ್ದರೆ ಅದೇ ತಂಡದ 12 ಮಂದಿಯಲ್ಲಿ ಆಕೆಯೊಬ್ಬಳು ಟಿಕೆಟ್ ತೆಗೆಯಬೇಕು. ಹಣ ದೊಡ್ಡದಲ್ಲ, ಕಂಡಕ್ಟರ್ ಎಲ್ಲರೆದುರು ಕೇಳುವುದೇ ಮುಜುಗರ.

ವಿಭಾಗ ಮಟ್ಟದ ಕೂಟಕ್ಕೆ ರಾತ್ರಿ ಉಳಿಯಬೇಕು. ಆಗ ಜೊತೆಗೆ ಬರುವ ಶಿಕ್ಷಕಿ ಯಾರು ಎಂಬುದರ ಮೇಲೆ ಮನೆಯವರ ಒಪ್ಪಿಗೆ ನಿಂತಿರುತ್ತದೆ. ದೈಹಿಕ ಶಿಕ್ಷಕಿಯರು ಇಲ್ಲದ ಶಾಲೆಯಲ್ಲಿ ವಿಜ್ಞಾನ ಅಥವಾ ಹಿಂದಿಯ ಮೇಡಂ ತಂಡದ ವ್ಯವಸ್ಥಾಪಕಿಯಾಗಿ ಹೊರಡುತ್ತಾರೆ. ಊರಿಗೆ ಹೊಸದಾಗಿ ಬಂದ ಕುಟುಂಬಕ್ಕೆ ಆ ಮೇಡಂ ಪರಿಚಯವಿರುವುದಿಲ್ಲ. 'ನಮ್ಮ ಹುಡುಗೀನ ನಿಮ್ ಮ್ಯಾಲೆ ಬಿಡ್ತೀವ್ರಿ' ಎನ್ನುವ ಒಂದು ಮಾತು ಬರಬೇಕಾದರೆ ಮೇಡಂ ಒಮ್ಮೆ ಮನೆಗೆ ಹೋಗಿ ಚಹಾ ಕುಡಿದು ಬರಬೇಕು. ಯಾವ ಸುತ್ತೋಲೆಯಲ್ಲೂ ಇಲ್ಲದ ಈ ಭೇಟಿ ಎಷ್ಟೋ ತಂಡಗಳನ್ನು ಉಳಿಸಿದೆ.

ಊರೂರು ತಿರುಗುವ ಮಕ್ಕಳು

ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಅಲ್ಲಿನ ನೌಕರರ ಮಕ್ಕಳು ಕೇಂದ್ರೀಯ ವಿದ್ಯಾಲಯದಲ್ಲಿ ಓದುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಾದರೂ ಶಾಲೆಯ ಸಂಘಟನೆ ಬದಲಾಗುವುದಿಲ್ಲ, ಕ್ರೀಡಾಕೂಟದ ಮೆಟ್ಟಿಲೂ ಬದಲಾಗುವುದಿಲ್ಲ. ಹೊರಗಿನ ಮಗುವಿಗೆ ಇಡೀ ದೇಶದಲ್ಲಿ ಇದಕ್ಕಿಂತ ಸಲೀಸಾದ ಏರ್ಪಾಡಿಲ್ಲ. ಬೆಲೆ ಇಷ್ಟೆ: ಆ ಮಗು ಬೀದರಿನಲ್ಲಿದ್ದೂ ಬೀದರಿನ ತಂಡದಲ್ಲಿ ಆಡಿರುವುದಿಲ್ಲ.

ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದ ಜವಾಹರ ನವೋದಯ ವಿದ್ಯಾಲಯದ್ದು ಬೇರೆ ಬಗೆ. ನವೋದಯಗಳಲ್ಲಿ 9ನೇ ತರಗತಿಯ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆ ಮತ್ತು ಹಿಂದಿಯೇತರ ಸೀಮೆಯ ಶಾಲೆಗಳ ನಡುವೆ ಅದಲುಬದಲು ಮಾಡುವ ಯೋಜನೆ ಮೊದಲಿಂದ ಇದೆ. ಪರರಾಜ್ಯದ ಮಕ್ಕಳು ಅತಿಥಿಗಳಾಗಿ ಅಲ್ಲ, ವಸತಿಶಾಲೆಯ ಸದನದ ಸದಸ್ಯರಾಗಿಯೇ ಬೆಳಗಿನ ಐದೂವರೆಯ ಓಟಕ್ಕೆ ನಿಲ್ಲುತ್ತಾರೆ. ಸದನಗಳ ನಡುವಿನ ಪಂದ್ಯಕ್ಕೆ ಆಟಗಾರರು ಬೇಕೇಬೇಕು, ಆದ್ದರಿಂದ ಹೊಸಬನನ್ನು ಯಾರೂ ಗೆರೆಯಾಚೆ ನಿಲ್ಲಿಸುವುದಿಲ್ಲ.

ಇವೆರಡಕ್ಕೂ ಸೇರದವರು ಹಂಗಾಮಿಗೆ ವಲಸೆ ಹೋಗುವವರ ಮಕ್ಕಳು. ಕಬ್ಬಿನ ಕಟಾವು ದಸರೆಯ ಆಚೀಚೆ ಆರಂಭವಾಗಿ ಬೇಸಿಗೆಯ ಹೊಸ್ತಿಲವರೆಗೆ ನಡೆಯುತ್ತದೆ. ಮರಾಠವಾಡಾದಿಂದ ಕಟಾವಿನ ಗುಂಪುಗಳು ಕರ್ನಾಟಕದ ಕಾರ್ಖಾನೆಗಳ ಕಡೆಗೂ ಬರುತ್ತವೆ, ಇಲ್ಲಿನ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬಯಿ ಕಡೆಗೆ ಹೋಗುತ್ತವೆ. ಹೋಬಳಿ ಪಂದ್ಯದಲ್ಲಿ ಗೆದ್ದ ಹುಡುಗ ಜಿಲ್ಲಾ ಕೂಟದ ಹೊತ್ತಿಗೆ ಊರಲ್ಲೇ ಇರುವುದಿಲ್ಲ. ಶಿಕ್ಷಣ ಹಕ್ಕು ಇವರನ್ನು ತರಗತಿಗೆ ತಂದಿದೆ. ಕ್ರೀಡಾ ಪಂಚಾಂಗ ಇವರ ಪಂಚಾಂಗವನ್ನು ಇನ್ನೂ ನೋಡಿಲ್ಲ.

ಬೇರೆ ಪಾಸ್‌ಪೋರ್ಟಿನವರು

ಕರ್ನಾಟಕದ ಶಾಲೆಗಳಲ್ಲಿ ಭಾರತದ ಪೌರತ್ವವಿಲ್ಲದ ಮಕ್ಕಳು ಮುಖ್ಯವಾಗಿ ಎರಡು ಬಗೆ. ಅಮೆರಿಕ, ಬ್ರಿಟನ್ನಿನಲ್ಲಿ ಹುಟ್ಟಿ ತಂದೆತಾಯಿಯ ಜೊತೆ ಮರಳಿ ಬಂದ ಕನ್ನಡದ ಮಕ್ಕಳು ಸಾಗರೋತ್ತರ ಭಾರತೀಯ ಕಾರ್ಡು ಹೊಂದಿರುತ್ತಾರೆ. ಶಾಲೆಯ ಅಂಗಳದ ಪಂದ್ಯಕ್ಕೆ, ಕ್ಲಬ್ಬಿನ ಪಂದ್ಯಕ್ಕೆ ಅವರಿಗೆ ಅಡ್ಡಿಯಿಲ್ಲ. ಮೇಲಕ್ಕೆ ಹೋದಂತೆ ಬಾಗಿಲು ಕಿರಿದಾಗುತ್ತದೆ. ಭಾರತದ ಪೌರರಷ್ಟೇ ದೇಶವನ್ನು ಪ್ರತಿನಿಧಿಸಬಹುದು ಎಂದು ಕೇಂದ್ರ ಸರ್ಕಾರ 2008ರ ಡಿಸೆಂಬರಿನಲ್ಲಿ ನೀತಿ ಮಾಡಿತು, ಯುವ ಸ್ಕ್ವಾಷ್ ಆಟಗಾರನೊಬ್ಬ ಅದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟು 2010ರಲ್ಲಿ ನೀತಿಯನ್ನೇ ಎತ್ತಿಹಿಡಿಯಿತು.

ಎರಡನೆಯವರು ಟಿಬೆಟನ್ನರು. ಬೈಲಕುಪ್ಪೆಯ ನೆಲೆ 1960ರ ದಶಕದ ಆರಂಭದ್ದು, ಮುಂಡಗೋಡಿನದು ಅದೇ ದಶಕದ ನಡುವಿನದು. ಅಲ್ಲಿನ ಶಾಲೆಗಳ ಮೈದಾನದಲ್ಲಿ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಜೋರು. ಮೂರನೆಯ ತಲೆಮಾರಿನ ಈ ಮಕ್ಕಳಲ್ಲಿ ಹಲವರ ಕೈಯಲ್ಲಿರುವುದು ನಿರಾಶ್ರಿತರ ನೋಂದಣಿ ಪತ್ರ; ಕರ್ನಾಟಕದಲ್ಲೇ ಹುಟ್ಟಿ, ಕನ್ನಡ ಮಾತಾಡಿ, ಕಾಗದದಲ್ಲಿ ಹೊರಗಿನವರಾಗಿ ಉಳಿದವರು.

ಗಡಿಯಾಚೆಯ ಕನ್ನಡ ಮಕ್ಕಳು

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗ್ಲಿ ಜಿಲ್ಲೆಯ ಜತ್ತದ ಕನ್ನಡ ಶಾಲೆಗಳ ಮಕ್ಕಳು ಮಹಾರಾಷ್ಟ್ರದ ಸ್ಪರ್ಧೆಗಳಲ್ಲಿ ಆಡುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂಬ ಕೇರಳದ ಏಣಿ. ಕೇರಳ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. 2024ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ಒಲಿಂಪಿಕ್ಸ್ ಮಾದರಿಯಲ್ಲಿ ನಡೆದ ರಾಜ್ಯ ಶಾಲಾ ಕ್ರೀಡಾಮೇಳಕ್ಕೆ ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ಕೇರಳ ಪಠ್ಯಕ್ರಮ ನಡೆಸುವ ಶಾಲೆಗಳ ಮಕ್ಕಳೂ ಬಂದು ಸ್ಪರ್ಧಿಸಿದರು. ಹೊರದೇಶದಲ್ಲಿ ಓದುವ ಮಗು ತನ್ನ ನಾಡಿನ ಶಾಲಾ ಕೂಟಕ್ಕೆ ಬರಬಹುದು ಎಂದಾದರೆ, ಗಡಿಯಾಚೆಯಿಂದ ಬಂದ ಮಗುವಿಗೆ ಎರಡು ಸಹಿ ಕಡಿಮೆ ಮಾಡುವುದು ಕಷ್ಟವಾಗಬಾರದು.

ಐರ್ಲೆಂಡಿನ ಶಾಲೆಯಲ್ಲಿ

ಐರ್ಲೆಂಡಿನ 2022ರ ಜನಗಣತಿಯಲ್ಲಿ ಭಾರತೀಯ ಪೌರರ ಸಂಖ್ಯೆ 45,000 ದಾಟಿತ್ತು. ನರ್ಸುಗಳು ಮತ್ತು ಸಾಫ್ಟ್‌ವೇರ್ ನೌಕರರ ಕುಟುಂಬಗಳು ಹೆಚ್ಚು, ಅವುಗಳಲ್ಲಿ ಕನ್ನಡದವೂ ಇವೆ. ತಂದೆತಾಯಿಯ ಜೊತೆ ಬಂದ ಮಕ್ಕಳು ಅಲ್ಲಿನ ಸಾರ್ವಜನಿಕ ಶಾಲೆಗೆ ಸೇರುತ್ತಾರೆ. ಓದಲೆಂದೇ ಒಂಟಿಯಾಗಿ ಬರುವ ಐರೋಪ್ಯ ಒಕ್ಕೂಟದ ಹೊರಗಿನ ಮಗುವಿಗೆ ಶುಲ್ಕ ಕಟ್ಟುವ ಖಾಸಗಿ ಶಾಲೆಯೇ ದಾರಿ. ಸ್ಪೇನಿನಿಂದ ಒಂದು ವರ್ಷಕ್ಕೆ ಬರುವ ಮಕ್ಕಳು ಅಲ್ಲಿ ಮಾಮೂಲು.

ಸುಮಾರು 12ನೇ ವಯಸ್ಸಿಗೆ ಪ್ರೌಢಶಾಲೆ ಆರಂಭ. ನಡುವೆ ಒಂದು ವರ್ಷ ದೊಡ್ಡ ಪರೀಕ್ಷೆಯಿಲ್ಲದ 'ಟ್ರಾನ್ಸಿಶನ್ ಇಯರ್' ಇದೆ, 1974ರಲ್ಲಿ ಆರಂಭವಾದದ್ದು. ಹೊಸ ಆಟಕ್ಕೆ ಕೈಹಾಕಲು, ಹೊಸ ತಂಡಕ್ಕೆ ಸೇರಲು ಇದಕ್ಕಿಂತ ಒಳ್ಳೆಯ ವರ್ಷ ಸಿಗದು. ಹತ್ತನೆಯ ತರಗತಿ ಬಂದೊಡನೆ ಮಕ್ಕಳನ್ನು ಮೈದಾನದಿಂದ ಎತ್ತಿ ಟ್ಯೂಶನ್ನಿಗೆ ಕೂರಿಸುವ ನಮ್ಮವರಿಗೆ ಈ ವರ್ಷ ವ್ಯರ್ಥವೆನಿಸುತ್ತದೆ, ಹಾಗೆನಿಸುವುದು ತಪ್ಪು. 2018ರಿಂದ ಅಲ್ಲಿ ದೈಹಿಕ ಶಿಕ್ಷಣ ಅಂತಿಮ ಪರೀಕ್ಷೆಯ ವಿಷಯವಾಗಿಯೂ ಬಂದಿದೆ.

ತೊಡಕಿರುವುದು ಆಟದಲ್ಲಿ. ಅಲ್ಲಿನ ಶಾಲೆಗಳ ಮುಖ್ಯ ಆಟಗಳು ಹರ್ಲಿಂಗ್, ಗೇಲಿಕ್ ಫುಟ್‌ಬಾಲ್, ಹುಡುಗಿಯರ ಕಮೋಗಿ, ಮತ್ತು ಕೆಲವು ಶಾಲೆಗಳಲ್ಲಿ ರಗ್ಬಿ. ಗೇಲಿಕ್ ಆಟಗಳ ಸಂಸ್ಥೆ 1884ರ ನವೆಂಬರ್ 1ರಂದು ಟಿಪ್ಪರೆರಿಯ ಥರ್ಲ್ಸ್ ಊರಿನಲ್ಲಿ ಹುಟ್ಟಿತು. ತನ್ನ ಸದಸ್ಯರು ಕ್ರಿಕೆಟ್, ರಗ್ಬಿ, ಸಾಕರ್, ಹಾಕಿ ಆಡಬಾರದೆಂದು ಅದು ಹೇರಿದ್ದ ನಿಷೇಧ 1971ರವರೆಗೆ ಇತ್ತು. ಹೊರಗಿನ ಆಟಕ್ಕೆ ಬಾಗಿಲು ಹಾಕಿದ್ದ ಸಂಸ್ಥೆ ಹೊರಗಿನ ಮಗುವಿಗೆ ಇಂದು ಬಾಗಿಲು ತೆರೆದೇ ಇಟ್ಟಿದೆ. ಕ್ಲಬ್ಬಿನಲ್ಲಿ ಹೆಸರು ನೋಂದಾಯಿಸಿ ಅಭ್ಯಾಸಕ್ಕೆ ಬಂದರೆ ಸಾಕು, ಯಾವ ದೇಶದವನು ಎಂದು ಕೇಳುವುದಿಲ್ಲ. ಆದರೆ ಹರ್ಲಿಂಗಿನಲ್ಲಿ ಆಶ್ ಮರದ ಹರ್ಲಿ ಎಂಬ ಕೋಲು ಹಿಡಿದು, ಓಡುತ್ತಲೇ ಅದರ ಅಗಲ ತುದಿಯ ಮೇಲೆ ಸಣ್ಣ ಚರ್ಮದ ಚೆಂಡನ್ನು ಬೀಳದಂತೆ ಕುಣಿಸುವುದನ್ನು ಅಲ್ಲಿನ ಮಕ್ಕಳು ನಾಲ್ಕೈದನೆಯ ವಯಸ್ಸಿನಿಂದ ಕಲಿತಿರುತ್ತಾರೆ. 13ರ ಹರೆಯದಲ್ಲಿ ಬಂದ ಮಗು ಅವರನ್ನು ಮುಟ್ಟುವುದು ಕಷ್ಟ. ಗೇಲಿಕ್ ಫುಟ್‌ಬಾಲ್ ತುಸು ಸುಲಭ. ಅದರಲ್ಲಿ ಚೆಂಡು ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದ ಹೊಡೆದು ಕೊಡಬಹುದು. ಥ್ರೋಬಾಲ್, ವಾಲಿಬಾಲ್ ಆಡಿದ ಕೈಗಳು ಇದಕ್ಕೆ ಬೇಗ ಒಗ್ಗುತ್ತವೆ. ಹರ್ಲಿಂಗಿಗೆ 2010ರಿಂದ ಎಲ್ಲರಿಗೂ ಹೆಲ್ಮೆಟ್, ಗೇಲಿಕ್ ಫುಟ್‌ಬಾಲಿಗೆ ಹಲ್ಲುರಕ್ಷಕ ಕಡ್ಡಾಯ. ಹೊಸ ಕುಟುಂಬ ಮೊದಲ ದಿನವೇ ಇದನ್ನು ತಿಳಿದಿರಬೇಕು.

ನಮ್ಮ ಮಕ್ಕಳು ಮೊದಲು ಕೇಳುವುದು ಕ್ರಿಕೆಟ್ಟನ್ನೇ. ಐರ್ಲೆಂಡ್ 2017ರಲ್ಲಿ ಟೆಸ್ಟ್ ಮಾನ್ಯತೆ ಪಡೆದ ದೇಶ, ಪಂಜಾಬಿನಲ್ಲಿ ಹುಟ್ಟಿದ ಸಿಮಿ ಸಿಂಗ್ ಆ ದೇಶದ ಪರವಾಗಿ ಆಡಿದ್ದಾರೆ. ಆದರೂ ಶಾಲೆಯಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ. ಬೇಸಿಗೆಯ ಆಟ ಅದು, ಪ್ರೌಢಶಾಲೆಗಳು ಮೇ ಕೊನೆಗೆ ಮುಚ್ಚುತ್ತವೆ. ಕ್ರಿಕೆಟ್ ಬೇಕಾದವರು ಕ್ಲಬ್ ಹುಡುಕಿಕೊಳ್ಳುತ್ತಾರೆ. ಒಟ್ಟಿನಲ್ಲಿ ಅಲ್ಲಿ ಶಾಲೆ ಮತ್ತು ಊರ ಕ್ಲಬ್ಬು ಜೊತೆಜೊತೆಗೆ ನಡೆಯುತ್ತವೆ. ಶಾಲೆ ಬಿಟ್ಟ ಮೇಲೂ ಅದೇ ಕ್ಲಬ್ಬಿನಲ್ಲಿ ಆಟ ಮುಂದುವರಿಯುತ್ತದೆ.

ಹತ್ತನೆಯ ತರಗತಿಯ ನಂತರ

ಭಾಲ್ಕಿ, ಔರಾದಿನಲ್ಲಿ ಅಂಥ ಕ್ಲಬ್ಬುಗಳಿಲ್ಲದ ಊರೇ ಹೆಚ್ಚು. ಎಸ್ಸೆಸ್ಸೆಲ್ಸಿ ಮುಗಿದರೆ ಆಟವೂ ಮುಗಿದಂತೆ. ಮುಂದುವರಿಯುವವರಿಗೆ ಪದವಿಪೂರ್ವ ಕಾಲೇಜುಗಳ ಕೂಟವಿದೆ, 19 ವರ್ಷದೊಳಗಿನವರಿಗೆ. ಅದರ ಏರ್ಪಾಡು ಪ್ರೌಢಶಾಲೆಯ ಕೂಟದಿಂದ ಪ್ರತ್ಯೇಕ, ಕಾಲೇಜೂ ಬೇರೆ. ವಿಜ್ಞಾನ ವಿಭಾಗಕ್ಕೆ ಸೇರಿದವರು ನೀಟ್ ತಯಾರಿಗೆ ಇಳಿಯುತ್ತಾರೆ, ಅದಕ್ಕೆಂದೇ ಬೇರೆ ರಾಜ್ಯಗಳ ಮಕ್ಕಳೂ ಬೀದರಿಗೆ ಬರುತ್ತಾರೆ. ಆ ವಸತಿನಿಲಯಗಳಲ್ಲಿ ಸಂಜೆಯ ವಾಲಿಬಾಲ್ ಒಂದು ಗಂಟೆ ಸಿಕ್ಕರೆ ಹೆಚ್ಚು. ಕಲಾ ವಿಭಾಗದ ಮಕ್ಕಳೇ ಕಾಲೇಜು ತಂಡದ ಬೆನ್ನೆಲುಬು. ಎರಡು ವರ್ಷದ ಹಿಂದೆ ಗಡಿಯಾಚೆಯಿಂದ ಬಂದವನ ಬಳಿ ಈ ಹೊತ್ತಿಗೆ ಸ್ಯಾಟ್ಸ್ ಸಂಖ್ಯೆಯೂ ಕರ್ನಾಟಕದ ಅಂಕಪಟ್ಟಿಯೂ ಇರುತ್ತವೆ. ಕಾಲೇಜಿನ ಅರ್ಹತಾ ಪತ್ರಕ್ಕೆ ಈ ಬಾರಿ ಉದಗೀರಕ್ಕೆ ಹೋಗಬೇಕಾಗಿಲ್ಲ.